ಮುಚ್ಚಳದ ಮೇಲೆ ಮೂರು ಬೊಟ್ಟು

ವಿಮಾನದ ಒಳಗೆ ಯಾವ ಬಣ್ಣ ಬಳಿಯಬೇಕೆಂದು ಎರಡು ತಿಂಗಳು ತಲೆ ಕೆಡಿಸಿಕೊಂಡೆ. ನಿವೃತ್ತಿಯಾದ ಮೇಲೆ ಭೀಮುನಿಪಟ್ಟಣದ ಶೆಡ್ಡಿನಲ್ಲಿ ಅಲ್ಯೂಮಿನಿಯಂ ತಗಡು ಕತ್ತರಿಸಿ, ರಿವೆಟ್ ಹೊಡೆದು ನಾನೇ ಕಟ್ಟುತ್ತಿರುವ ಇಬ್ಬರು ಕೂರುವ ಪುಟ್ಟ ವಿಮಾನ ಅದು. ಹೆಂಡತಿ ಕೆನೆ ಬಣ್ಣ ಎಂದಳು. ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಹೊಳಪಿಲ್ಲದ ಬೂದು ಇರಲಿ ಎಂದೆ. ಬಣ್ಣದಡಿಗೆ ಬಳಿಯುವ ಪ್ರೈಮರ್ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕೇಳಲಿಲ್ಲ. ಹಳೆಯ ಹಸಿರು ಪ್ರೈಮರ್ ವಿಷ. ನೀರಿನಲ್ಲಿ ಕಲಸುವುದು ಈ ಉಪ್ಪುಗಾಳಿಗೆ ತಾಳುತ್ತದೆಂಬ ನಂಬಿಕೆ ನನಗಿಲ್ಲ. ಎರಡು ಡಬ್ಬಿ ಬೆರೆಸುವ ಎಪಾಕ್ಸಿಯನ್ನೇ ಆರಿಸಿದೆ. ಬಣ್ಣಕ್ಕೂ ತೂಕವಿದೆ, ಹಾಗಾಗಿ ತೆಳುವಾಗಿ ಒಂದೇ ಕೋಟ್. ಇದೆಲ್ಲದರ ಜೊತೆಗೆ ನನಗೆ ಇನ್ನೊಂದು ಬೇಕಿತ್ತು: ಒಬ್ಬ ಮನುಷ್ಯ ತನ್ನ ಬಾಯಿಂದಲೇ ‘ತಪ್ಪು ನನ್ನದು’ ಎನ್ನಬೇಕಿತ್ತು.

ವಿಶಾಖಪಟ್ಟಣದ ಒಂದು ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಆತ ನನ್ನ ಮೇಲಧಿಕಾರಿ. ನಾನು ಧಾರವಾಡದ ಕಡೆಯವನು, ಆತ ಮೈಸೂರು ಕಡೆ. ನಮ್ಮವರು ಅಂತ ನಂಬಿದ್ದೆ, ಮಣ್ಣು! ಒಂದು ಆಯುಧಪೂಜೆಯ ದಿನ ನಾನು ತೊಳೆದು ಸಿದ್ಧಮಾಡಿದ್ದ ಲೋಹದ ಬಾಗಿಲುಗಳಿಗೆಲ್ಲ ಆತ ಮೂರು ಮೂರು ಕುಂಕುಮದ ಬೊಟ್ಟಿಟ್ಟ. ಉದುರದಿರಲೆಂದು ಅದನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದ. ಮರುದಿನ ನಾನು ಥಿನ್ನರ್ ಹಾಕಿ ತೊಳೆಯಲು ಹೊರಟರೆ ತಡೆದ.

“ಪೂಜೆ ಮಾಡಿದ್ದನ್ನ ತೊಳೀತಾರೇನ್ರೀ? ಒಣಬಟ್ಟೇಲಿ ಒರೆಸಿ, ಸಾಕು.”

ಒರೆಸಿದೆ. ಕುಂಕುಮ ಹೋಯಿತು, ಎಣ್ಣೆ ಉಳಿಯಿತು, ಅದರ ಮೇಲೇ ಬಣ್ಣ ಬಿತ್ತು. ಒಂದೂವರೆ ತಿಂಗಳಲ್ಲಿ ಪ್ರತಿ ಬಾಗಿಲಿನಲ್ಲೂ ಮೂರು ಕಡೆ ಬೆರಳಗಲ ಬಣ್ಣ ಎದ್ದು ಬಂತು. ವಿಚಾರಣೆಯಲ್ಲಿ ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಆತ ಒಂದಿಷ್ಟೂ ಅಳುಕದೆ, “ನಾನು ಬೊಟ್ಟಿಟ್ಟೇ ಇಲ್ಲ. ಇವರು ತಮ್ಮ ತಪ್ಪಿಗೆ ದೇವರನ್ನ ಎಳೀತಿದಾರೆ” ಎಂದ. ಎಲ್ಲರೂ ನಕ್ಕರು. ಬಡ್ತಿ ಹೋಯಿತು, ಹೋಗಲಿ ಬಿಡಿ. ಆದರೆ ಅವತ್ತಿನಿಂದ ಕ್ಯಾಂಟೀನಿನಲ್ಲಿ ನಾನು ‘ಕುಂಕುಮಂ ಗಾರು’, ಅಂದರೆ ಕುಂಕುಮದ ರಾಯರು, ಆದೆ. ಎಂಟು ವರ್ಷ! ನಿವೃತ್ತಿಯ ದಿನ ಹಾರ ಹಾಕುವಾಗಲೂ ಯಾರೋ ಹಾಗೇ ಕರೆದರು. ಹೊಟ್ಟೆ ಉರಿಯದೆ ಇರುತ್ತದೆಯೇ?

ಆತ ನಿವೃತ್ತನಾಗಿ ವಿಜಯವಾಡದ ಭವಾನಿಪುರಂನಲ್ಲಿ ಮನೆ ಮಾಡಿದ್ದ. ಹೋದ ವರ್ಷ ಋಷಿಕೊಂಡದಲ್ಲಿ ಯಾರದೋ ಗೃಹಪ್ರವೇಶಕ್ಕೆ ಬಂದವನು ವಿಮಾನ ನೋಡಲು ನನ್ನ ಶೆಡ್ಡಿಗೂ ಬಂದ. ಏನೂ ನಡೆದೇ ಇಲ್ಲವೆಂಬಂತೆ ಬೆನ್ನು ತಟ್ಟಿದ.

“ಪೇಂಟಿಗೆ ಮುಂಚೆ ಪೂಜೆ ಮಾಡಿಸಿದ್ರಾ?”

“ಇಲ್ಲರೀ ಸರ್. ನಿಮ್ಮ ಕೈಲೆ ಆಗ್ಲಿ.”

ಪಕ್ಕದ ಸೀಟಿನ ಮುಂದೆ ನಕ್ಷೆ ಇಡುವ ಒಂದು ಡಬ್ಬಿಯಿದೆ. ಅದರ ಮುಚ್ಚಳ ಬಿಚ್ಚಿ ಕೊಟ್ಟೆ, ಕುಂಕುಮ ತಂದಿಟ್ಟೆ. ಎಣ್ಣೆಯ ಮಾತನ್ನು ನಾನು ಎತ್ತಲೇ ಇಲ್ಲ.

“ಸ್ವಲ್ಪ ಕೊಬ್ಬರಿ ಎಣ್ಣೆ ಕೊಡಿ, ಇಲ್ದಿದ್ರೆ ನಿಲ್ಲಲ್ಲ” ಎಂದು ಆತನೇ ಕೇಳಿದ!

ಕಳ್ಳ ಸಿಕ್ಕಿಬಿದ್ದ. ಎಣ್ಣೆಯ ಬಟ್ಟಲು ತಂದು ಮುಂದಿಟ್ಟೆ, ಆತ ಕಲಸಿ ಮುಚ್ಚಳಕ್ಕೆ ಮೂರು ಬೊಟ್ಟಿಟ್ಟ. ಆತ ಹೋದ ಮೇಲೆ ಹೆಂಡತಿ, “ಅದನ್ನೂ ತೊಳದ ಬಿಡ್ರಿ, ಹಳೇದು ಯಾಕ ಕೆದರ್ತೀರಿ?” ಎಂದಳು. ಉಳಿದ ತಗಡುಗಳನ್ನೆಲ್ಲ ಉಜ್ಜಿ ತೊಳೆದು, ನೀರು ಸುರಿದು ನೋಡಿದೆ. ಹನಿಗಟ್ಟದೆ ಒಂದೇ ಹಾಳೆಯಾಗಿ ಹರಿಯಿತು, ಎಂದರೆ ಎಣ್ಣೆಯ ಪಸೆಯಿಲ್ಲ. ಮುಚ್ಚಳವನ್ನು ಮಾತ್ರ ಒಣಬಟ್ಟೆಯಲ್ಲಿ ಒರೆಸಿದೆ. ಎಲ್ಲಕ್ಕೂ ಒಂದೇ ದಿನ ಅದೇ ಪ್ರೈಮರ್, ಅದೇ ಬೂದು ಬಣ್ಣ.

ಒಂದೂವರೆ ತಿಂಗಳು ಕಾದೆ. ಆಮೇಲೆ ಮುಚ್ಚಳ, ತೊಳೆದು ಬಳಿದಿದ್ದ ಒಂದು ತುಂಡು ತಗಡು, ಒಂದು ಅಂಟುಪಟ್ಟಿ, ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ವಿಜಯವಾಡದ ರೈಲು ಹತ್ತಿದೆ. ತಪ್ಪೊಪ್ಪಿಕೊಂಡರೆ ಕ್ಷಮಿಸಿಬಿಡೋಣ ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

“ಬನ್ನಿ, ಕೂತ್ಕೊಳ್ಳಿ” ಎಂದು ಆತನ ಹೆಂಡತಿ ಕಾಫಿ ತಂದರು. ಅವರೂ ಇರಲೆಂದು ಕಾದು, ಹಳೆಯ ವಿಚಾರಣೆಯ ಸಂಗತಿಯನ್ನು ಎರಡು ಮಾತಿನಲ್ಲಿ ಹೇಳಿ ಚೀಲ ಬಿಚ್ಚಿದೆ. ತುಂಡು ತಗಡಿಗೆ ಪಟ್ಟಿ ಅಂಟಿಸಿ ಕಿತ್ತೆ. ಬಣ್ಣ ಅಲ್ಲಾಡಲಿಲ್ಲ. ಮುಚ್ಚಳಕ್ಕೆ ಅಂಟಿಸಿ ಕಿತ್ತೆ. ಮೂರು ದುಂಡನೆಯ ಚಕ್ಕೆ ಪಟ್ಟಿಯ ಜೊತೆ ಎದ್ದುಬಂದವು.

“ನೀವು ಬೊಟ್ಟಿಟ್ಟ ಜಾಗಾರೀ, ಸರ್. ಬೆರಳಿಟ್ಟು ನೋಡ್ರಿ.”

ಆತ ಬೆರಳಿಡಲಿಲ್ಲ. ಆತನ ಹೆಂಡತಿ ಕಾಫಿ ತಟ್ಟೆ ಕೆಳಗಿಟ್ಟರು. “ಅಲ್ಲಾರೀ, ಮನೆ ಬೀರುಗೂ ಹೀಗೇ ಎಣ್ಣೆ ಕುಂಕುಮ ಹಚ್ತೀರಿ. ಅವತ್ತು ಹಚ್ಚೇ ಇಲ್ಲ ಅಂದಿದ್ರಾ?”

ಆತ ಕಿಟಕಿಯಾಚೆ ಕೃಷ್ಣೆಯ ಕಡೆಗೆ ಮುಖ ತಿರುಗಿಸಿದ. “ತಪ್ಪು ನಂದೇ” ಎಂದ. “ಕ್ಷಮಿಸಿಬಿಡಿ.”

“ಕೇಳಸ್ಲಿಲ್ಲ ಸರ್, ಜೋರಾಗಿ ಹೇಳ್ರಿ.”

ಇನ್ನೊಮ್ಮೆ ಹೇಳಿದ, ಹೆಂಡತಿಯ ಎದುರಿಗೇ. ಕಾಫಿ ಮುಗಿಸಿ ಎದ್ದೆ. ಕ್ಷಮಿಸಲಿಲ್ಲ. ಎಂಟು ವರ್ಷದ ನಗು ಇನ್ನೂ ಕಿವಿಯಲ್ಲಿತ್ತು.

ಮುಚ್ಚಳಕ್ಕೆ ಮತ್ತೆ ಬಣ್ಣ ಬಳಿಯಲಿಲ್ಲ. ಉಪ್ಪುಗಾಳಿ ತಿನ್ನದಂತೆ ತೆಳುವಾಗಿ ವಾರ್ನಿಷ್ ಸವರಿ, ಮೂರು ಬೊಟ್ಟಿನ ಸಮೇತ ಅದರ ಜಾಗಕ್ಕೇ ಕೂರಿಸಿದೆ. ಪಕ್ಕದ ಸೀಟಿನಲ್ಲಿ ಕೂತವರ ಕಣ್ಣಿಗೆ ಮೊದಲು ಬೀಳುವುದೇ ಅದು. ಪ್ರತಿ ಭಾನುವಾರ ಬೆಳಿಗ್ಗೆ ಆತನಿಗೆ ಫೋನ್ ಮಾಡಿ ಮೊದಲ ಹಾರಾಟಕ್ಕೆ ಕರೆಯುತ್ತೇನೆ. ಮೊಣಕಾಲು ನೋವು ಎನ್ನುತ್ತಾನೆ.

“ಅವಸರ ಇಲ್ಲರೀ ಸರ್” ಎನ್ನುತ್ತೇನೆ. “ಆ ಸೀಟಿನ್ಯಾಗ ಬ್ಯಾರೆ ಯಾರನ್ನೂ ಕೂಡಸೂದಿಲ್ಲ.”