ನಡೆದು ಊದುವ ಕೊರಗಪ್ಪ

ಬೈಕುಲ್ಲಾದ ಬೀದಿಗಳಲ್ಲಿ ಕೊರಗಪ್ಪನನ್ನು ಗುರುತಿಸದವರು ಇರಲಿಲ್ಲ. ಮದುವೆಯ ದಿಬ್ಬಣ ಹೊರಟಿತೆಂದರೆ ಬ್ಯಾಂಡಿನ ಎಲ್ಲರಿಗಿಂತ ಮುಂದೆ, ಕೆಂಪು ಕೋಟು ತೊಟ್ಟು, ಸ್ಯಾಕ್ಸೋಫೋನನ್ನು ಕೊರಳಿಗೆ ತೂಗಿಸಿಕೊಂಡು ಅವನು ಬರುತ್ತಿದ್ದ. ಐವತ್ತೆಂಟನೆಯ ಇಸವಿ ಅದು. ಮುಂಬಯಿಯ ತರುಣರಿಗೆ ರಾಕ್ ಅಂಡ್ ರೋಲ್ ಹುಚ್ಚು ಹೊಸದಾಗಿ ಹಿಡಿದಿತ್ತು. ಇಂಗ್ಲಿಷಿನ ಒಂದಕ್ಷರ ಬಾರದ ಕೊರಗಪ್ಪ ಇರಾನಿ ಹೋಟೆಲಿನ ಬಾಗಿಲಲ್ಲಿ ನಿಂತು ರೆಕಾರ್ಡು ಕೇಳುತ್ತಿದ್ದ. ಎರಡು ಸಲ ಕೇಳಿದರೆ ಸಾಕು, ಮರುದಿನ ಅದು ದಿಬ್ಬಣದಲ್ಲಿ ಹೊರಡುತ್ತಿತ್ತು, ಅದೂ ರೆಕಾರ್ಡಿನಲ್ಲಿ ಇಲ್ಲದ ಎರಡು ತಿರುವುಗಳೊಂದಿಗೆ. ಜನ ಅವನನ್ನು 'ರಾಕ್ ಮಾಸ್ಟರ್' ಎಂದೇ ಕರೆಯುತ್ತಿದ್ದರು.

ಅವನು ಉಡುಪಿ ಕಡೆಯವನು. ಮುಂಬಯಿಗೆ ಬಂದ ಹೊಸದರಲ್ಲಿ ಇದೇ ಬ್ಯಾಂಡಿಗೆ ತಲೆಯ ಮೇಲೆ ಗ್ಯಾಸ್‌ಲೈಟು ಹೊರುವ ಕೆಲಸ ಹಿಡಿದಿದ್ದ. ದೀಪ ಹೊತ್ತವನು ತಲೆ ಅಲ್ಲಾಡಿಸುವಂತಿಲ್ಲ, ಆದರೆ ಕಿವಿಗೆ ಬೀಗ ಹಾಕುವವರು ಯಾರು? ಬ್ಯಾಂಡಿನ ಪಕ್ಕದಲ್ಲೇ ನಡೆಯುತ್ತ ನಡೆಯುತ್ತ ಮೂರು ವರ್ಷದಲ್ಲಿ ಅಷ್ಟೂ ಹಾಡುಗಳನ್ನು ಕಲಿತ. ಒಂದು ದಿನ ಊದುವವನು ಕೈಕೊಟ್ಟಾಗ ದೀಪ ಇಳಿಸಿ ವಾದ್ಯ ಎತ್ತಿಕೊಂಡ. ಅದಾಗಿ ಇಪ್ಪತ್ತೆರಡು ವರ್ಷ. ಅಷ್ಟು ವರ್ಷವೂ ಅವನು ನಡೆಯುತ್ತಲೇ ಊದಿದ್ದ.

ಇಷ್ಟು ಹೆಸರಿದ್ದರೂ ಅವನ ಎದೆಯಲ್ಲಿ ಒಂದು ಮುಳ್ಳು ಮುರಿದುಕೊಂಡಿತ್ತು. ಸಾಂತಾಕ್ರೂಜಿನ ಕನ್ನಡ ಸಂಘ ಪ್ರತಿವರ್ಷ ವಾರ್ಷಿಕೋತ್ಸವ ಮಾಡುತ್ತಿತ್ತು. ಅತಿಥಿಗಳನ್ನು ಸ್ಟೇಷನ್ನಿನಿಂದ ಕರೆತರುವ ಮೆರವಣಿಗೆಗೆ ಕೊರಗಪ್ಪನೇ ಬೇಕು. ಆಮಂತ್ರಣ ಪತ್ರಿಕೆಯಲ್ಲಿ 'ಕಲಾವಿದರು' ಎಂಬ ತಲೆಬರಹದ ಕೆಳಗೆ ಹಾಡುವವರು, ಸಿತಾರಿನವರು, ಹಾರ್ಮೋನಿಯಂ ಮನೆಗೆ ತಂದು ಆರು ತಿಂಗಳಾಗದ ಬ್ಯಾಂಕಿನ ಗುಮಾಸ್ತರು, ಎಲ್ಲರ ಹೆಸರೂ ಇರುತ್ತಿತ್ತು. ಕೊನೆಯ ಪುಟದ ತುದಿಯಲ್ಲಿ ಮಾತ್ರ ಸಣ್ಣ ಅಕ್ಷರದಲ್ಲಿ 'ಶಾಮಿಯಾನ, ಮೈಕು, ಬ್ಯಾಂಡು ವ್ಯವಸ್ಥೆ ಇದೆ' ಎಂದು ಬರುತ್ತಿತ್ತು. ಆ 'ಬ್ಯಾಂಡು' ಎಂದರೆ ಕೊರಗಪ್ಪ. ಶಾಮಿಯಾನದ ಗೂಟಕ್ಕೂ ತನಗೂ ಒಂದೇ ಸಾಲು ಎಂಬುದು ಅವನನ್ನು ವರ್ಷಕ್ಕೊಮ್ಮೆ ಚುಚ್ಚುತ್ತಿತ್ತು.

ಆ ವರ್ಷ ಸಂಘದ ಕಾರ್ಯದರ್ಶಿ ಚೆನ್ನಯ ಅವನ ಹೆಸರನ್ನು ಕಲಾವಿದರ ಪಟ್ಟಿಗೆ ಸೇರಿಸಬೇಕೆಂದು ಸಭೆಯಲ್ಲಿ ಎತ್ತಿದ. ಚೆನ್ನಯನದು ಸಾಂತಾಕ್ರೂಜಿನ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮೇಲಿನ ಕೆಲಸ, ಕೊರಗಪ್ಪನ ಊರಿನವನೇ. ಸಭೆ ಗೊಳ್ಳೆಂದು ನಕ್ಕಿತು. ಮದುಮಗನ ಕುದುರೆಯ ಮುಂದೆ ಊದುವವನು ಕಲಾವಿದನಾದರೆ ಕುದುರೆಗೂ ಒಂದು ಶಾಲು ಹೊದಿಸೋಣ ಎಂದರು ಒಬ್ಬರು. ನಗದೆ ಕೂತವರು ಅಧ್ಯಕ್ಷ ಸಿದ್ದರಾಮಪ್ಪನವರು ಮಾತ್ರ. ಧಾರವಾಡದ ಜವಳಿ ವ್ಯಾಪಾರಿ, ದೊಡ್ಡ ದೊಡ್ಡ ಗವಾಯಿಗಳ ಮುಂದಿನ ಸಾಲಿನಲ್ಲಿ ಕೂತು ನಲವತ್ತು ವರ್ಷ ಕೇಳಿದ ಕಿವಿ. ಸಂಗೀತದ ವಿಷಯದಲ್ಲಿ ಅವರು ತಲೆಯಾಡಿಸಿದರೆ ಸಂಘವೇ ತಲೆಯಾಡಿಸುತ್ತಿತ್ತು. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಅವರು ತೀರ್ಪು ಕೊಟ್ಟರು: ಮುಂದಿನ ತಿಂಗಳ ಮೊದಲ ಭಾನುವಾರ ಕೊರಗಪ್ಪ ಸಮಿತಿಯ ಮುಂದೆ ಕೂತು ಕಾಲು ಗಂಟೆ ಒಂದು ರಾಗ ನುಡಿಸಲಿ. ನುಡಿಸಿದರೆ ಕಲಾವಿದ, ಇಲ್ಲದಿದ್ದರೆ ಈ ಮಾತನ್ನು ಮತ್ತೆ ಎತ್ತಕೂಡದು.

ಐದೇ ಸ್ವರದ ಭೂಪ ರಾಗ ಹಿಡಿ, ತಪ್ಪಲಿಕ್ಕೂ ಹೆಚ್ಚು ಜಾಗ ಇರುವುದಿಲ್ಲ ಎಂದು ಚೆನ್ನಯ ಬುದ್ಧಿ ಹೇಳಿದ. ಕೊರಗಪ್ಪ ಚಾಳಿನ ಖೋಲಿಯಲ್ಲಿ ಜಮಖಾನ ಹಾಸಿ, ಚಕ್ಕಳಮಕ್ಕಳ ಹಾಕಿ ಕೂತು ತಿಂಗಳಿಡೀ ಸಾಧನೆ ಮಾಡಿದ. ನೆಟ್ಟಗೆ ಎರಡು ಸಾಲು ಹೊರಡಲಿಲ್ಲ. ಎಡಗಾಲು ನೆಲಕ್ಕೆ ಬಿದ್ದಾಗ ಉಸಿರು ಎಳೆದು, ಬಲಗಾಲಿಗೆ ಬಿಡುವುದು ಅವನ ರೂಢಿ. ಕಾಲು ಮಡಚಿ ಕೂತರೆ ಉಸಿರಿಗೆ ದಾರಿಯೇ ತಿಳಿಯುತ್ತಿರಲಿಲ್ಲ. ಇದನ್ನು ಹೇಳಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಆಡಿಕೊಳ್ಳುತ್ತಾರೆಂದು ಹೆದರಿ ಬಾಯಿ ಮುಚ್ಚಿಕೊಂಡ. ಹೆಂಡತಿ ಶೀಲಾವತಿ ಮಾತ್ರ ಎಲ್ಲವನ್ನೂ ನೋಡುತ್ತಿದ್ದಳು.

ಭಾನುವಾರ ಸಂಜೆ ಸಂಘದ ಹಾಲಿನಲ್ಲಿ ಮೂವತ್ತು ಜನ ಸೇರಿದ್ದರು. ಕೊರಗಪ್ಪ ಕೆಂಪು ಕೋಟು ಬಿಟ್ಟು ಬಿಳಿ ಜುಬ್ಬ ಹಾಕಿ, ಹೆಗಲಿಗೆ ಶಲ್ಯ ಇಳಿಬಿಟ್ಟು ಬಂದಿದ್ದ. ವೇದಿಕೆಯ ಮೇಲೆ ಕೂತು ಊದತೊಡಗಿದ. ಮೂರನೆಯ ಸಾಲಿಗೆ ಉಸಿರು ತುಂಡಾಯಿತು. ಮತ್ತೆ ಹಿಡಿದ, ಮತ್ತೆ ತುಂಡಾಯಿತು. ಮೂರನೆಯ ಸಲ ವಾದ್ಯ ಕೀಚೆಂದಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಕೇನೋ ಎಂಬಂತೆ ಸಿದ್ದರಾಮಪ್ಪನವರು ಕೈ ಎತ್ತಿದರು. ನಾಚಿಕೆಯಿಂದ ಕೊರಗಪ್ಪನ ಕಿವಿಗಳು ಕೆಂಡವಾದವು. ಇನ್ನು ಈ ಜನ್ಮದಲ್ಲಿ ಈ ಬಾಗಿಲು ತೆರೆಯುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು.

ಆಗ ಹೆಂಗಸರ ಕಡೆಯಿಂದ ಶೀಲಾವತಿ ಎದ್ದು ನಿಂತಳು. ನಾಲ್ಕು ಜನರ ಮುಂದೆ ಎಂದೂ ಬಾಯಿ ತೆರೆದವಳಲ್ಲ.

"ನೀವು ಎದ್ದು ನಡೀತಾ ಊದಿ," ಎಂದಳು. "ಕೂತು ಊದಿದ್ದು ಎಂದಾದರೂ ಉಂಟಾ ನೀವು? ಆ ಶಲ್ಯ ಒಂದು ಇಲ್ಲಿ ಕೊಡಿ."

ಕೊರಗಪ್ಪ ಶಲ್ಯವನ್ನು ಅವಳ ಕೈಗಿತ್ತು ವೇದಿಕೆ ಇಳಿದ. ಕುರ್ಚಿಗಳ ನಡುವೆ ಎರಡು ಹೆಜ್ಜೆ ಇಟ್ಟದ್ದೇ ತಡ, ಉಸಿರು ತಾನಾಗಿ ತುಂಬಿ ಬಂತು. ಬೆರಳುಗಳು ಚೆನ್ನಯ ಹೇಳಿದ್ದ ಭೂಪಕ್ಕಾಗಿ ಕಾಯಲಿಲ್ಲ, ಕಾಲಿಗೆ ಗೊತ್ತಿದ್ದುದನ್ನೇ ಹಿಡಿದವು. ಹಾಲು ಚಿಕ್ಕದು, ಹೆಜ್ಜೆಯೂ ಚಿಕ್ಕದಾಗಬೇಕಿತ್ತು. ಹಾಗಾಗಿ ಹಾಡಿನ ನಡೆ ನಿಧಾನವಾಯಿತು, ಒಂದೊಂದು ಸ್ವರವೂ ಎಳೆದು ನಿಂತಿತು. ಅದರಲ್ಲೂ ಇದ್ದದ್ದು ಭೂಪದ ಅದೇ ಐದು ಸ್ವರ, ಅವು ಏರಿ, ಹೊರಳಿ, ಗೋಡೆಗೆ ತಾಗಿ ಹಿಂದಿರುಗಿದವು. ಕಿಸಕ್ಕೆಂದವರು ಕುರ್ಚಿಯಲ್ಲಿ ಮುಂದೆ ಬಾಗಿದರು. ಸಿದ್ದರಾಮಪ್ಪನವರ ಕಣ್ಣು ಮುಚ್ಚಿತು, ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಕೊರಗಪ್ಪ ಮೂರು ಸುತ್ತು ಮುಗಿಸಿ ನಿಂತಾಗ ಅವರ ಕಣ್ಣಂಚು ಒದ್ದೆಯಾಗಿತ್ತು.

ಇದು ಭೂಪದ ಹಳೆಯ ಚೀಜು, ಗವಾಯಿಗಳ ಹಾಡು, ಸಣ್ಣವನಿದ್ದಾಗ ಧಾರವಾಡದಲ್ಲಿ ಒಂದೇ ಸಲ ಕೇಳಿದ್ದೆ, ಈಗ ಹಾಡುವವರೇ ಉಳಿದಿಲ್ಲ ಎಂದು ಅವರು ಸಭೆಗೆ ವಿವರಿಸಿದರು. ಸಭೆ ಹೌದೌದು ಎಂದಿತು. ತಾನೂ ಕೇಳಿದ್ದೇನೆ ಎನ್ನುವವರೂ ಇಬ್ಬರು ಹುಟ್ಟಿಕೊಂಡರು.

"ಇದಕ್ಕ ನೋಡ್ರಿ ಕಲಾ ಅನ್ನೂದು," ಎಂದರು ಸಿದ್ದರಾಮಪ್ಪನವರು. "ಬರಕೋರಿ ಹೆಸರು."

ಚೆನ್ನಯ ಪೆನ್ನು ತೆಗೆದ. ಬಾಯಿ ಬಿಡಬೇಡ ಮಾರಾಯ ಎಂದು ಕಣ್ಣಲ್ಲೇ ಬೇಡಿಕೊಂಡ. ಕೊರಗಪ್ಪ ಸುಮ್ಮನಿದ್ದಿದ್ದರೆ ಕೆಲಸ ಮುಗಿದಿತ್ತು. ಆದರೆ ಹಾಗೆ ಅಚ್ಚಾಗುವ ಹೆಸರು ಬೇರೆ ಯಾರದೋ ಆಗಿರುತ್ತದೆ ಎಂದು ಅವನಿಗೆ ಅನ್ನಿಸಿತು. ಇಪ್ಪತ್ತೆರಡು ವರ್ಷ ಬೀದಿಯಲ್ಲಿ ಊದಿದವನು ಮತ್ತೆ ಕೊನೆಯ ಪುಟದಲ್ಲೇ ಉಳಿಯುತ್ತಾನೆ.

"ಸೇಟ್ರೆ, ಅದು ಭೂಪ ಅಲ್ಲ," ಎಂದ. "ರಾಕ್ ಅಂಡ್ ರೋಲ್. ಹೋದ ವಾರ ಪಾರ್ಸಿ ಮದುವೆಯಲ್ಲಿ ಊದಿದ್ದು."

ಚೆನ್ನಯ ಪೆನ್ನಿನ ಮುಚ್ಚಳ ಹಾಕಿದ. ಸಿದ್ದರಾಮಪ್ಪನವರ ಮುಖ ಮೊದಲು ಕಪ್ಪಿಟ್ಟಿತು, ಆಮೇಲೆ ಸಡಿಲಾಯಿತು. ಬೀದಿಯಲ್ಲಿ ಹೇಗೆ ಊದುತ್ತೀಯೋ ಹಾಗೇ ಒಮ್ಮೆ ಊದು ಎಂದರು. ಕೊರಗಪ್ಪ ಬಾಗಿಲು ಪೂರಾ ತೆರೆಸಿ, ದಿಬ್ಬಣದ ನಡೆಯಲ್ಲಿ ಶುರು ಮಾಡಿದ. ಎದುರಿನ ಬಿಲ್ಡಿಂಗಿನ ಗ್ಯಾಲರಿಗಳು ತುಂಬಿದವು, ಪಕ್ಕದ ಹೋಟೆಲಿನ ಜನ ಬೀದಿಗೆ ಬಂದರು. ಕುದುರೆಗೆ ಶಾಲು ಹೊದಿಸೋಣ ಎಂದವರ ಪಾದವೂ ಕುರ್ಚಿಯ ಕೆಳಗೆ ಕುಣಿಯುತ್ತಿತ್ತು. ಊದಿ ಮುಗಿದ ಮೇಲೆ ಸಿದ್ದರಾಮಪ್ಪನವರು ಎದ್ದು ನಿಂತರು.

"ಹೆಸರು ಗೊತ್ತಿಲ್ಲದಾಗ ಕಲಾ ಅಂದೆ. ಹೆಸರು ತಿಳಿದ ಮ್ಯಾಲ ಅಲ್ಲ ಅಂದ್ರ ಸುಳ್ಳ ಹೇಳಿದಾಂವ ನಾನ ಆಗ್ತೀನಿ. ನನ್ನ ಕಿವಿ ಸುಳ್ಳ ಹೇಳಿಲ್ಲ. ಮಾಸ್ತರ, ಏನಂತ ಬರೀಬೇಕು?"

"ಊದಿದ್ದನ್ನೇ ಬರೀರಿ," ಎಂದ ಕೊರಗಪ್ಪ.

ಆ ವರ್ಷದ ಆಮಂತ್ರಣ ಪತ್ರಿಕೆಯಲ್ಲಿ ಕಲಾವಿದರ ಸಾಲಿನಲ್ಲಿ 'ಕೊರಗಪ್ಪ, ಸ್ಯಾಕ್ಸೋಫೋನ್, ರಾಕ್ ಅಂಡ್ ರೋಲ್' ಎಂದು ದಪ್ಪಕ್ಷರದಲ್ಲಿ ಅಚ್ಚಾಯಿತು. ಕಾರ್ಯಕ್ರಮದ ಸಂಜೆ ಕುರ್ಚಿಗಳನ್ನು ಎರಡೂ ಬದಿಗೆ ಸರಿಸಿ ನಡುವೆ ಅಗಲವಾದ ದಾರಿ ಬಿಟ್ಟಿದ್ದರು. ಸಿದ್ದರಾಮಪ್ಪನವರೇ ಮೈಕಿನ ಮುಂದೆ ನಿಂತು ಹೆಸರು ಕರೆದರು. ಕೊರಗಪ್ಪ ಕೆಂಪು ಕೋಟಿನಲ್ಲೇ ಬಾಗಿಲಿಂದ ಒಳಗೆ ನಡೆದು ಬಂದ. ರೂಢಿಯಂತೆ ಒಮ್ಮೆ ಹಿಂದಿರುಗಿ ನೋಡಿದ. ಕುದುರೆ ಇರಲಿಲ್ಲ, ಮದುಮಗ ಇರಲಿಲ್ಲ. ಅಷ್ಟೂ ಜನ ಎದ್ದು ನಿಂತದ್ದು ಅವನಿಗಾಗಿ.