ಅಕ್ಕನ ಮೂಗಿಗೆ ತರಿಸಿದ ಚಹಾ

ಅಕ್ಕನಿಗೆ ಕೋಪ ಮೊದಲಿನಿಂದಲೂ ಇತ್ತು. ಆದರೆ ಅದು ಹಾಲು ಉಕ್ಕಿದ ಹಾಗೆ. ಉಕ್ಕಿ, ಒಲೆಯ ಮೇಲಷ್ಟು ಚೆಲ್ಲಿ, ಇಳಿದುಬಿಡುತ್ತಿತ್ತು. ಜ್ವರ ಬಂದು ಮೂಗು ಸತ್ತ ಮೇಲೆ ಹತ್ತಿದ ಕೋಪವೇ ಬೇರೆ. ಅದು ಇಳಿಯಲೇ ಇಲ್ಲ.

ಅವಳು ನರ್ಸಿಂಗ್ ಓದುವ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯವಳು. ಆ ದೊಡ್ಡ ಒಲೆಯ ಮುಂದೆಯೇ ಕೂದಲು ಬೆಳ್ಳಗಾಗಿದೆ. ಅವಳು ಸೌಟಿನಿಂದ ಅಂಗೈಗೆ ಹಾಕಿಕೊಂಡು ರುಚಿ ನೋಡಿದ್ದನ್ನು ಯಾರೂ ಕಂಡಿಲ್ಲ. ಮುಚ್ಚಳ ಸರಿಸಿ ಒಮ್ಮೆ ಮೂಸಿದರೆ ಮುಗಿಯಿತು, ಬೇಳೆ ಇನ್ನೂ ಬೇಯಬೇಕೋ ಬೇಡವೋ ಹೇಳಿಬಿಡುತ್ತಿದ್ದಳು. ಕದ್ದು ಸಿಗರೇಟು ಸೇದಿ ಊಟಕ್ಕೆ ಬಂದ ಹುಡುಗಿಯನ್ನು ಬಾಗಿಲಲ್ಲೇ ಹಿಡಿಯುತ್ತಿದ್ದಳು. ಹುಡುಗಿಯರು ಅವಳಿಗಿಟ್ಟ ಹೆಸರು ಮೂಗಿನಕ್ಕ.

ಜ್ವರ ಬಿಟ್ಟು ಕೆಲಸಕ್ಕೆ ಹೋದ ವಾರವೇ ಅದು ನಡೆದದ್ದು. ಅಡುಗೆಮನೆಯಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಗ್ಯಾಸಿನ ಗುಂಡಿ ಅರ್ಧ ತಿರುಗಿಯೇ ಇತ್ತು. ಎರಡನೇ ಅಡುಗೆಯವನು ಒಳಗೆ ಕಾಲಿಟ್ಟವನೇ ಬೊಬ್ಬೆ ಹೊಡೆದು ಕಿಟಕಿಗಳನ್ನೆಲ್ಲ ತೆಗೆದ. ಕಡ್ಡಿ ಗೀರಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ನನಗೆ ಈಗಲೂ ಕೈಮುಗಿಯುವಂತಾಗುತ್ತದೆ.

ವಾರ್ಡನ್ ಮೇಡಂ ಅಕ್ಕನನ್ನು ಒಲೆಯಿಂದ ತೆಗೆದು ತರಕಾರಿ ಹೆಚ್ಚಲು ಕೂರಿಸಿದರು. "ಮೂಗು ಸರಿಹೋಗಲಿ, ಒಲೆ ನಿಮ್ಮದೇ" ಎಂದು ಮೂಗಿಗೆ ತುಪ್ಪ ಸವರಿದರು. ಜೊತೆಗೇ ಇನ್ನೊಂದು ಮಾತು: ಹೊಸ ಬ್ಯಾಚಿನ ಹುಡುಗಿಯರು ಬರುವುದರೊಳಗೆ ಸರಿಹೋಗದಿದ್ದರೆ ಎರಡನೆಯವನನ್ನೇ ಖಾಯಂ ಮಾಡಬೇಕಾಗುತ್ತದೆ.

ಅವನೋ, ದಿನಕ್ಕೊಮ್ಮೆಯಾದರೂ ಕೆಣಕದೆ ಬಿಡುವವನಲ್ಲ. "ಅಕ್ಕಾವ್ರೇ, ಸ್ವಲ್ಪ ಇಲ್ಲಿ ಬಂದು ಮೂಸಿ ನೋಡಿ, ಹಾಲು ಸೀದಿರೋ ಹಾಗಿದೆ" ಎನ್ನುತ್ತಿದ್ದನಂತೆ. ಮೊದಲ ಸಲ ಅಕ್ಕ ಪಾಪ ಎದ್ದೇ ಹೋಗಿದ್ದಳು. ಪಾತ್ರೆ ಖಾಲಿ ಇತ್ತು. ತೊಳೆಯುವವರೆಲ್ಲ ನಕ್ಕರು.

ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಕೆಲಸ ಮುಗಿಸಿ ಬಂದು ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಉರಿದುಬೀಳುತ್ತಿದ್ದಳು.

"ಕಣ್ಣು ಹೋದ್ರೆ ಅಯ್ಯೋ ಅಂತಾರೆ. ಕಿವಿ ಹೋದ್ರೆ ಮಿಷನ್ ಕೊಡ್ತಾರೆ. ಮೂಗು ಹೋಯ್ತು ಅಂದ್ರೆ ನಗ್ತಾರೆ ಕಣೇ. ನಿನ್ನ ದೇವರಿಗೆ ನನ್ನ ಮೂಗೇ ಬೇಕಿತ್ತಾ? ಮಂಡಿ ನೋವಿತ್ತು, ಅದನ್ನ ತಗೊಂಡು ಹೋಗ್ಬಹುದಿತ್ತು."

ದೇವರ ಮೇಲೆ ರೇಗುವವರು ಅವನು ಕೇಳಿಸಿಕೊಳ್ಳುತ್ತಾನೆ ಎಂದು ನಂಬಿರುತ್ತಾರೆ.

ಡಾಕ್ಟರು ದಿನಾ ಗಾಢವಾದ ವಾಸನೆಗಳನ್ನು ಮೂಸಲು ಹೇಳಿದ್ದರು. ಲವಂಗ, ನಿಂಬೆಸಿಪ್ಪೆ, ಕಾಫಿಪುಡಿ. ಅಕ್ಕ ಮೂಸಿದಳು. ಒಂದು ದಿನ ಲವಂಗದ ಡಬ್ಬಿಯನ್ನು ಗೋಡೆಗೆ ಎಸೆದಳು.

"ಬಂತೋ, ಬಂದ ಹಾಗೆ ನಾನೇ ಅಂದ್ಕೊಂಡ್ನೋ, ಹೇಗೆ ಹೇಳ್ಲಿ? ಲವಂಗ ಕಂಡ ತಕ್ಷಣ ಲವಂಗದ ವಾಸನೆ ತಲೇಲಿ ಬಂದು ಕೂರುತ್ತೆ. ಅದು ನೆನಪು ಕಣೇ, ಮೂಗಲ್ಲ. ನಾನು ಯಾವತ್ತೂ ಮೂಸದೇ ಇರೋದು ಏನಾದ್ರೂ ಬೇಕು."

ನಾನು ಫೋನಿನಲ್ಲಿ ಹುಡುಕಿದೆ. ಹಾಗೆ ಸಿಕ್ಕಿದ್ದು ಪು-ಎರ್ ಎಂಬ ಚಹಾ. ಎಲೆಯನ್ನು ಬಿಲ್ಲೆಯ ಹಾಗೆ ಒತ್ತಿ, ವರ್ಷಗಟ್ಟಲೆ ಇಟ್ಟು ಹಳೆಯದು ಮಾಡುತ್ತಾರಂತೆ. ಒಂದೊಂದಕ್ಕೂ ಒಂದೊಂದು ವಾಸನೆಯಂತೆ. ಪೂರ್ತಿ ಬಿಲ್ಲೆ ಕೊಳ್ಳಬೇಕಿಲ್ಲ, ಒಂದೊಂದು ಚೂರು ಮುರಿದು ಸ್ಯಾಂಪಲ್ ಪೊಟ್ಟಣ ಕಟ್ಟಿ ಕಳಿಸುತ್ತಾರೆ. ಪುಟ ಸರಿಸಿದಷ್ಟೂ ಮುಗಿಯದ ಪಟ್ಟಿ. ಎಲ್ಲ ಪೊಟ್ಟಣವೂ ಕಂದು, ಎಲ್ಲದರ ಹೆಸರೂ ಬಾಯಿಗೆ ಬಾರದ್ದು. ಹೊಸಬರಿಗೆಂದೇ ಒಂದು ಕಟ್ಟು ಇತ್ತು. 'ಸೌಮ್ಯ, ನವಿರು' ಎಂದು ಬರೆದಿದ್ದರು.

"ಸೌಮ್ಯ ಅಂತ ಬರೆದಿರೋದನ್ನೆಲ್ಲ ಬಿಡು" ಎಂದಳು ಅಕ್ಕ. "ಸೌಮ್ಯ ಕಟ್ಕೊಂಡು ನಾನೇನ್ ಮಾಡ್ಲಿ? ಜೋರಾಗಿರೋದು ಓದು."

ನಾನು ಓದಿದೆ. ಒಂದರಲ್ಲಿ ಕರ್ಪೂರ, ಒಂದರಲ್ಲಿ ಜೇನು, ಇನ್ನೊಂದರಲ್ಲಿ ಹಳೆಯ ಮರದ ಪೆಟ್ಟಿಗೆಯ ವಾಸನೆ. ಮೂರನ್ನೂ ತರಿಸಿದೆವು. ಮೊದಲ ಪೊಟ್ಟಣವನ್ನು ಅಕ್ಕ ಹಾಲು ಸಕ್ಕರೆ ಹಾಕಿ ಕುದಿಸಿ ಹಾಳು ಮಾಡಿದಳು. ಮರುದಿನ ಎರಡನೆಯದನ್ನು ಪೊಟ್ಟಣದ ಮೇಲೆ ಅಚ್ಚಾದ ಹಾಗೆಯೇ ಮಾಡಿದಳು: ಕುದಿವ ನೀರು ಹುಯ್ದು ಮೊದಲ ನೀರು ಚೆಲ್ಲಿ, ಮತ್ತೆ ಹುಯ್ದು ಮುಚ್ಚಿಟ್ಟಳು. ಲೋಟಕ್ಕೆ ಮುಖವಿಟ್ಟವಳ ಕಣ್ಣು ಅರಳಿತು.

"ಕರ್ಪೂರ. ಬಂತು ಕಣೇ, ಕರ್ಪೂರ ಬಂತು."

ನನ್ನ ಎದೆ ಹಗುರಾಯಿತು. ಖಾಲಿ ಪೊಟ್ಟಣ ಮಡಚಲು ಕೈಗೆತ್ತಿಕೊಂಡೆ. ಅದು ಜೇನಿನದು. ಕರ್ಪೂರದ ಪೊಟ್ಟಣ ಹಾಲಿನಲ್ಲಿ ಕುದಿದು ಹಿಂದಿನ ದಿನವೇ ಹೋಗಿತ್ತು. ಹೇಳದೆ ಇರಬಹುದಿತ್ತು. ಆದರೆ ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಪೊಟ್ಟಣ ಕಿತ್ತುಕೊಂಡು ಓದಿದಳು.

ಆ ದಿನದ ಕೋಪವನ್ನು ಬರೆಯುವುದು ಕಷ್ಟ. ಲೋಟ ಸಿಂಕಿಗೆ ಹೋಯಿತು. ಕೊನೆಯ ಪೊಟ್ಟಣ ಕಸದ ಬುಟ್ಟಿಗೆ ಹೋಯಿತು. ಅಂಗಡಿಯವನಿಗೆ ಫೋನ್ ಮಾಡಿ, "ಏನ್ರೀ, ಜೇನು ಗೀನು ಅಂತ ಕಥೆ ಬರೆದು ಜನರ ತಲೆ ಕೆಡಿಸ್ತೀರಾ?" ಎಂದು ಕೂಗಾಡಿದಳು. ಅವನು ಏನೂ ಅರ್ಥವಾಗದೆ, "ಹಣ ವಾಪಸ್ ಮಾಡ್ಲಾ ಅಮ್ಮಾ?" ಎಂದ. "ಹಣ ಯಾರಿಗೆ ಬೇಕು? ಮೂಗು ವಾಪಸ್ ಮಾಡ್ತೀರಾ?" ಎಂದು ಫೋನ್ ಇಟ್ಟಳು. ನಾಲ್ಕು ದಿನ ನನ್ನ ಮನೆಗೂ ಬರಲಿಲ್ಲ. ಗೋಡೆಯಾಚೆ ಪಾತ್ರೆಗಳನ್ನು ಕುಕ್ಕುವ ಸದ್ದೊಂದೇ.

ಕೊನೆಗೆ ತಾನೇ ಬಂದಳು. "ಇನ್ನೊಂದು ತರಿಸು. ಈ ಸಲ ನೀನೇ ಆರಿಸು. ಅದರ ಬಗ್ಗೆ ಏನು ಬರೆದಿದ್ದಾರೆ ಅಂತ ನನಗೊಂದಕ್ಷರ ಹೇಳ್ಬೇಡ. ಹೊಸ ಹುಡುಗೀರು ಸೋಮವಾರದಿಂದ ಬರ್ತಾರಂತೆ. ಆ ಮುಂಡೇದು ಆಗ್ಲೇ ಹೊಸ ಏಪ್ರನ್ ಹೊಲಿಸ್ಕೊಂಡಿದೆ."

ನಾನು ಕೂತು ಯೋಚಿಸಿದೆ. ಮಾರುವವರು ಬರೆದ ಹೊಗಳಿಕೆಯನ್ನು ಬಿಟ್ಟು, ಕೊಂಡವರು ಬರೆದ ಬೈಗುಳಗಳನ್ನು ಓದುತ್ತ ಹೋದೆ. ಒಂದು ಚಹಾಕ್ಕೆ ಬಿದ್ದಷ್ಟು ಉಗಿತ ಬೇರೆ ಯಾವುದಕ್ಕೂ ಬಿದ್ದಿರಲಿಲ್ಲ. ಬೇಗ ಮಾಗಿಸಿದ, ಇನ್ನೂ ಹೊಸದಾದ ಪು-ಎರ್ ಅದು. ಅದನ್ನೇ ಕೇಳಿದಾಗ ಅಂಗಡಿಯವನು ತಾನಾಗಿ ಫೋನ್ ಮಾಡಿದ.

"ಅಮ್ಮಾ, ಹೊಸಬರಿಗೆ ಅದು ಬೇಡ. ಇನ್ನೂ ಎರಡು ವರ್ಷ ಇಟ್ರೆ ಸರಿಹೋಗುತ್ತೆ. ಈಗ ಕುಡಿದ್ರೆ ನಿಮ್ಮಕ್ಕ ಮತ್ತೆ ನನಗೆ ಬೈತಾರೆ."

"ಬೈದ್ರೆ ನಿಮಗೆ ಪುಣ್ಯ ಬರುತ್ತೆ, ಕಳಿಸಿ" ಎಂದೆ.

ಪೊಟ್ಟಣ ಬಂದದ್ದು ಶನಿವಾರ ಮಧ್ಯಾಹ್ನ. ಮೇಲಿನ ಚೀಟಿ ಕಿತ್ತುಹಾಕಿ, ಚೂರನ್ನು ಬಿಳಿಯ ಬಟ್ಟಲಿಗೆ ಹಾಕಿಕೊಟ್ಟೆ. ಅಕ್ಕ ಮುಖ ಗಂಟು ಹಾಕಿಕೊಂಡೇ ನೀರು ಹುಯ್ದಳು, ಚೆಲ್ಲಿದಳು, ಮತ್ತೆ ಹುಯ್ದಳು. ಕಿಟಕಿಯ ಹತ್ತಿರ ನಿಂತಿದ್ದ ನನಗೇ ಅದರ ನಾತ ಹೊಡೆಯುತ್ತಿತ್ತು. ಮುಖದಲ್ಲಿ ತೋರಗೊಡದೆ ನಿಂತೆ. ಮನಸ್ಸಿನಲ್ಲಿ ಕೇಳಿಕೊಂಡದ್ದು ಇಷ್ಟೇ: ಕೊಡುವುದಾದರೆ ಕೊಡು, ಮತ್ತೆ ಆಸೆ ಮಾತ್ರ ತೋರಿಸಬೇಡ.

ಅವಳು ಮುಚ್ಚಳ ತೆಗೆದು ಬಗ್ಗಿದಳು. ಏನೂ ಇಲ್ಲ. ತುಟಿ ಬಿಗಿಯಿತು. ಒಂದು ಗುಟುಕು ಬಾಯಿಗೆ ಹಾಕಿಕೊಂಡಳು, ನುಂಗಿದಳು. ಆಮೇಲೆ ಮೂಗಿನಿಂದ ಉಸಿರು ಬಿಟ್ಟಳು.

"ಥೂ" ಎಂದಳು.

ಬಟ್ಟಲು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಏನೇ ಇದು? ಮೀನಿನ ಬುಟ್ಟಿ ತೊಳೆದ ನೀರಲ್ಲಿ ನೆನೆಸಿ ಕೊಟ್ಯಾ? ನಿನಗೂ ನಾನು ತಮಾಷೆಯಾಗ್ಬಿಟ್ನಾ? ಅಲ್ಲಿ ಅವನು ಖಾಲಿ ಪಾತ್ರೆ ಮೂಸಿಸ್ತಾನೆ, ಇಲ್ಲಿ ನೀನು..."

ನಾನು ಫೋನ್ ತೆಗೆದು ಕೊಂಡವರು ಬರೆದದ್ದನ್ನು ಅವಳ ಮುಂದೆ ಹಿಡಿದೆ. ಮೊದಲನೆಯವನೇ ಬರೆದಿದ್ದ: ಮೀನು ಮಾರುಕಟ್ಟೆಯ ಚರಂಡಿ. ಅದರ ಕೆಳಗಿನವಳು: ಮೀನಿನ ಬುಟ್ಟಿಯಲ್ಲಿ ಒದ್ದೆ ಗೋಣಿಚೀಲ.

ಅಕ್ಕ ಓದಿದಳು. ಮತ್ತೆ ಓದಿದಳು. "ನೀನು ನನಗೆ ಹೇಳಿರ್ಲಿಲ್ಲ, ಅಲ್ವಾ?"

"ಒಂದಕ್ಷರ ಹೇಳಿಲ್ಲ."

ಇನ್ನೊಂದು ಗುಟುಕು ಕುಡಿದಳು. "ಥೂ" ಎಂದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಲ್ಲಿ ಅಂಗಡಿಯವನ ವಂಶವನ್ನೆಲ್ಲ ಬೈಯುತ್ತಿದ್ದಳು. ಬೈಯುತ್ತಲೇ ಉಳಿದದ್ದನ್ನು ಫ್ಲಾಸ್ಕಿಗೆ ಸುರಿದು ಚಪ್ಪಲಿ ಮೆಟ್ಟಿದಳು. "ನಡಿ. ಸಾಕ್ಷಿಗೆ ನೀನೂ ಬಾ."

ವಾರ್ಡನ್ ಮೇಡಂ ಅವರ ಮೇಜಿನ ಮೇಲೆ ಫ್ಲಾಸ್ಕ್ ಇಟ್ಟು ಮುಚ್ಚಳ ತಿರುಗಿಸಿದಳು. ಮೇಡಂ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ನಿಮಗೆ ಏನು ಬಂತೋ ನನಗೂ ಅದೇ ಬಂತು" ಎಂದಳು ಅಕ್ಕ.

"ಈರುಳ್ಳಿ ಗೊತ್ತಾಗುತ್ತಾ? ಹಾಲು?"

"ಇಲ್ಲ."

"ಮತ್ತೆ? ಒಂದು ನಾತ ಗೊತ್ತಾದ್ರೆ ಅಡುಗೆ ಮಾಡೋಕಾಗುತ್ತಾ?"

"ಅಡುಗೆಮನೇಲಿ ಮೊದಲು ಗೊತ್ತಾಗ್ಬೇಕಾಗಿರೋದು ಕೆಟ್ಟಿರೋದೇ ಮೇಡಂ. ಗ್ಯಾಸಿಗೆ ಹೆದರಿ ತಾನೇ ನನ್ನನ್ನ ಎತ್ತಿ ಮೂಲೇಲಿ ಹಾಕಿದ್ದು? ಅದನ್ನೇ ಪರೀಕ್ಷೆ ಮಾಡಿ."

ಮೇಡಂ ಅಡುಗೆಮನೆಯ ಕಿಟಕಿಗಳನ್ನೆಲ್ಲ ತೆಗೆಸಿದರು. ಅಕ್ಕ ಗೋಡೆಯ ಕಡೆ ಮುಖ ಮಾಡಿ ನಿಂತಳು. ಸದ್ದು ಕೇಳಬಾರದೆಂದು ನಲ್ಲಿಯನ್ನು ಜೋರಾಗಿ ಬಿಟ್ಟರು. ಹೊಸ ಏಪ್ರನ್ನಿನವನು ಗುಂಡಿಯ ಮೇಲೆ ಕೈಯಿಟ್ಟು ತಡಮಾಡಿದ, ನಮ್ಮನ್ನೆಲ್ಲ ನೋಡಿದ, ತಿರುಗಿಸಿದ. ಅಕ್ಕ ಅಲ್ಲಾಡಲಿಲ್ಲ. ವಾಸನೆ ನನಗೆ ಬಂದು ಎಷ್ಟೋ ಹೊತ್ತಾದಂತೆ ಅನಿಸಿದ ಮೇಲೆ ಅವಳು ತಲೆ ಎತ್ತಿದಳು.

"ಮುಚ್ಚು" ಎಂದಳು. "ಸಾಯ್ಬೇಕಂತ ಇದ್ಯೇನೋ?"

ಮೇಡಂ ಪೂರ್ತಿ ಒಲೆ ಕೊಡಲಿಲ್ಲ. ಬೆಳಗಿನ ಅಡುಗೆ ಅಕ್ಕನದು, ಸಂಜೆಯದು ಅವನದು, ಅವಳು ಒಲೆಯ ಮುಂದಿರುವಾಗ ಇನ್ನೊಬ್ಬರು ಜೊತೆಗಿರಬೇಕು ಎಂದರು. ಅಕ್ಕ ಒಪ್ಪಿಕೊಂಡಳು, ದಾರಿಯುದ್ದಕ್ಕೂ ಬೈಯುತ್ತ ಬಂದಳು. ಅರ್ಧ ಒಲೆಯಂತೆ, ಕಾವಲಿನವರಂತೆ, ತಾನೇನು ಕಳ್ಳಿಯಾ? ಲವಂಗ ಇನ್ನೂ ಬಂದಿಲ್ಲ, ಹಾಲೂ ಬಂದಿಲ್ಲ. ಕೋಪವೂ ಹೋಗಿಲ್ಲ.

ಆ ಚಹಾದ ಪೂರ್ತಿ ಬಿಲ್ಲೆಯನ್ನೇ ತರಿಸಿಕೊಂಡಿದ್ದಾಳೆ. ಕೆಲಸಕ್ಕೆ ಹೊರಡುವ ಮುಂಚೆ ಒಂದು ಚೂರು ಮುರಿದು, ಮೊದಲ ನೀರು ಚೆಲ್ಲಿ, ನಿಂತುಕೊಂಡೇ ಕುಡಿಯುತ್ತಾಳೆ. ಗೋಡೆಯಾಚೆಯಿಂದ ಆ "ಥೂ" ಕೇಳಿಸಿದ ಮೇಲೆಯೇ ನಾನು ದೇವರಿಗೆ ಕೈಮುಗಿಯುವುದು.