ಡಾಕ್ಟರ ಕೋಣೆಯ ಖಾಲಿ ಕುರ್ಚಿ

ಅತ್ತೆ ತೀರಿಹೋದ ಮೇಲೂ ಅವರು ಹೊಸ್ತಿಲ ಬಳಿ ಎಲೆಅಡಿಕೆ ಕುಟ್ಟುವ ಸದ್ದು ನನಗೆ ಕೇಳುತ್ತಿತ್ತು. ಒಲೆ ಹಚ್ಚಿದರೆ ಸಾಕು, ಶುರುವಾಗುತ್ತಿತ್ತು. ಎಂಬತ್ತರ ದಶಕದ ಕೊನೆ ಅದು. ಯಜಮಾನರು ನನ್ನನ್ನು ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ, ಮಾತಾಡಿಸಿಯೇ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ನನ್ನೆದುರು ಒಂದು ಖಾಲಿ ಕುರ್ಚಿ ಹಾಕಿದರು. "ಇದ್ರಲ್ಲಿ ನಿಮ್ಮತ್ತೆ ಕೂತವ್ರೆ ಅನ್ಕೊಳಮ್ಮ. ಅವ್ರು ಇದ್ದಾಗ ಹೇಳ್ದೆ ನುಂಗ್ಕೊಂಡಿದ್ದೆಲ್ಲಾ ಈಗ ಹೇಳು."

ಹುಚ್ಚು ಬಿಡಿಸಿಕೊಳ್ಳಲು ಬಂದರೆ ಹುಚ್ಚಾಟ ಕಲಿಸುತ್ತಾರಲ್ಲ ಎಂದು ನನಗೆ ರೇಗಿತು. ಅತ್ತೆ ಜನ್ಮದಲ್ಲಿ ಕುರ್ಚಿಯ ಮೇಲೆ ಕೂತವರಲ್ಲ. ಅವರು ನೆಲದಲ್ಲಿರುವಾಗ ಸೊಸೆ ಮೇಲೆ ಕೂರುವ ಪದ್ಧತಿ ನಮ್ಮಲ್ಲಿಲ್ಲ. ನಾನು ಕುರ್ಚಿ ಬಿಟ್ಟು ಕೆಳಗೆ ಕೂತೆ. ಕೂತೊಡನೆ ಅಲ್ಲೂ ಕುಟ್ಟುವ ಸದ್ದು ಶುರುವಾಯಿತು.

"ಯಾಕಮ್ಮ ಕೆಳಗೆ ಕೂತೆ?"

"ಅವ್ರು ಕುರ್ಚಿ ಮ್ಯಾಲಿಲ್ಲ ಸಾರ್. ನಿಮ್ಮ ಕಾಲತ್ರ ಕೂತವ್ರೆ."

ಡಾಕ್ಟರು ನಗಲಿಲ್ಲ. ಯಾರನ್ನೋ ತುಳಿದುಬಿಟ್ಟೇನು ಎಂಬಂತೆ ಎರಡೂ ಕಾಲುಗಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು.

ಅವರು ತೆರವು ಮಾಡಿದ ಆ ಅಂಗೈಯಗಲ ನೆಲವನ್ನು ನೋಡುತ್ತ ನಾನು ಬಾಯಿ ತೆರೆದೆ. ಕುಟ್ಟುವ ಸದ್ದು ನಿಂತಿತು. ಅತ್ತೆ ಕೇಳಿಸಿಕೊಳ್ಳುತ್ತಿದ್ದರು.